ಎಣ್ಣೆ ಮಿಳ್ಳೆ ಬಚ್ಚಿಟ್ಟ ಕತೆ

ಹೋದ ವರ್ಷ ನಮ್ಮ ಮನೇಲಿ ಒಂದು ಕಳ್ಳತನ ಆಯ್ತು. ಕದ್ದವಳು ನಾನೇ. ಎಣ್ಣೆ ಡಬ್ಬಿ ಪಕ್ಕದಲ್ಲಿ ಇರ್ತಿದ್ದ ಹಿತ್ತಾಳೆ ಮಿಳ್ಳೆ ತಗೊಂಡು ಹೋಗಿ ಅಕ್ಕಿ ಡ್ರಮ್ಮಿನ ಹಿಂದೆ ಬಚ್ಚಿಟ್ಟೆ. ಅದರ ಜಾಗದಲ್ಲಿ ಒಂದು ಟೀ ಚಮಚ ಇಟ್ಟೆ. ಬೆಳಗ್ಗೆ ಒಗ್ಗರಣೆ ಹಾಕೋಕೆ ಬಂದ ಅತ್ತೆ ಆ ಚಮಚ ನೋಡಿ, "ಇದ್ಯಾವ ಕೂಸಿಗೆ ಔಷಧಿ ಕುಡಿಸೋಕೆ ಇಟ್ಟೀಯೇ?" ಅಂದ್ರು.

ಕೂಸಿಗಲ್ಲ, ನಮಗೇ ಔಷಧಿ. ಅದರ ಹಿಂದಿನ ವಾರ ದಾವಣಗೆರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಂಡು ಬಂದಿದ್ವಿ. ನಮ್ಮೆಜಮಾನ್ರಿಗೆ ರಕ್ತದಲ್ಲಿ ಕೊಬ್ಬು ಜಾಸ್ತಿ. ನನಗೆ ಸಕ್ಕರೆ ಕಾಯಿಲೆ ಇನ್ನೂ ಮನೆಯೊಳಗೆ ಬಂದಿಲ್ಲ, ಹೊಸಿಲ ಮೇಲೆ ನಿಂತೈತೆ. ಡಾಕ್ಟ್ರಮ್ಮ ಮಾತ್ರೆ ಬರೆಯೋಕೆ ಮುಂಚೆ ಒಂದೇ ಪ್ರಶ್ನೆ ಕೇಳಿದ್ರು: "ಮನೇಲಿ ಎಷ್ಟು ಜನ? ತಿಂಗಳಿಗೆ ಎಷ್ಟು ಎಣ್ಣೆ ತರ್ತೀರಿ?" ಐದು ಜನ, ಆರು ಲೀಟರ್ ಅಂದೆ. ಹಬ್ಬದ ಲೆಕ್ಕ ಬೇರೆ ಅನ್ನೋದು ಹೇಳಲಿಲ್ಲ. ಅವ್ರು ಪೆನ್ನು ಕೆಳಗಿಟ್ಟು, "ತಲೆಗೆ ಅರ್ಧ ಲೀಟರ್ ದಾಟಬೇಡಿ" ಅಂದ್ರು. ಅಂದ್ರೆ ಎರಡೂವರೆ ಲೀಟರ್. ಬಸ್ಸಿನಲ್ಲಿ ಚನ್ನಗಿರಿ ಬರೋವರೆಗೂ ನಾನು ಬೆರಳು ಮಡಚಿಕೊಂಡು ಲೆಕ್ಕ ಹಾಕಿದ್ದೇ ಹಾಕಿದ್ದು.

ಮನೆಗೆ ಬಂದು ಮಿಳ್ಳೆ ಅಳೆದೆ ನೋಡ್ರಿ. ಹತ್ತು ಟೀ ಚಮಚ ಎಣ್ಣೆ ಹಿಡೀತು. ಒಂದು ಚಮಚಕ್ಕೆ 40ರಿಂದ 45 ಕ್ಯಾಲರಿ. ಒಂದು ಮಿಳ್ಳೆಗೆ ನಾನೂರರ ಮೇಲಾಯ್ತು. ನೂರು ಗ್ರಾಂ ಅಕ್ಕಿಗೇ ಸುಮಾರು 345. ಅಂದ್ರೆ ಪಲ್ಯಕ್ಕೆ ಕಣ್ಣು ಮುಚ್ಚಿ ಸುರೀತಿದ್ದ ಒಂದು ಮಿಳ್ಳೆ ಎಣ್ಣೆ, ಒಬ್ಬರು ಹೊಟ್ಟೆ ತುಂಬ ಉಣ್ಣೋ ಅನ್ನಕ್ಕಿಂತ ಹೆಚ್ಚು. ಅವತ್ತೇ ರಾತ್ರಿ ಕಳ್ಳತನ ಮಾಡಿದ್ದು.

ಬೆಂಗಳೂರಲ್ಲಿರೋ ಮಗಳು ಸುದ್ದಿ ಕೇಳಿ ಒಂದು ಅಡುಗೆ ಪುಸ್ತಕ ಕಳಿಸಿದ್ಳು. ಹಗುರ ಊಟದ ಪುಸ್ತಕ. ಹಾಳೆ ಎಲ್ಲ ನುಣ್ಣಗೆ, ಚಿತ್ರ ಎಲ್ಲ ಚೆಂದ. ತರಲಾ ದಲಾಲ್ ಅವರ ಕಾಲದಿಂದ ಇಂಥ ಕಡಿಮೆ ಕ್ಯಾಲರಿ ಪುಸ್ತಕಗಳು ಬರ್ತಾನೇ ಅದಾವಂತೆ, ನನಗೆ ಸಿಕ್ಕಿದ್ದು ಇದೇ ಮೊದಲು. ಮೊದಲ ವಾರ ಪುಸ್ತಕದಲ್ಲಿ ಇದ್ದಂಗೇ ಮಾಡಿದೆ. ಬ್ರೊಕೋಲಿ ನಮ್ಮ ಸಂತೇಲಿ ಸಿಗಲಿಲ್ಲ, ಹೂಕೋಸು ಹಾಕಿದೆ. ಆಲಿವ್ ಎಣ್ಣೆ ರೇಟು ಕೇಳಿ ಅಂಗಡಿಯಿಂದ ಸುಮ್ಮನೆ ಎದ್ದು ಬಂದೆ. ಬೇಯಿಸಿದ ತರಕಾರಿ ಮೇಲೆ ನಿಂಬೆಹಣ್ಣು ಹಿಂಡಿ ರಾತ್ರಿ ಊಟ ಅಂತ ಬಡಿಸಿದೆ. ಮಾವ ತಟ್ಟೆ ನೋಡಿ, "ನನಗೇನಾಗೈತಿ ಅಂತ ಯಾರೂ ಹೇಳ್ಲಿಲ್ಲಲ್ಲ" ಅಂದ್ರು. ಅತ್ತೆ, "ಆಸ್ಪತ್ರೆ ಊಟ ಕಣವ್ವ ಇದು, ಬ್ರೆಡ್ ಒಂದು ಇಲ್ಲ ಅಷ್ಟೇ" ಅಂತ ಎದ್ದು ಹೋಗಿ ಮಜ್ಜಿಗೆ ಅನ್ನ, ಉಪ್ಪಿನಕಾಯಿ ಹಾಕ್ಕೊಂಡು ಉಂಡ್ರು. ನಾನೂ ಒಳಗೊಳಗೇ ಅದನ್ನೇ ಉಣ್ಣಬೇಕು ಅಂದ್ಕೊಂಡಿದ್ದೆ, ನಿಮ್ಮ ಹತ್ರ ಯಾಕೆ ಸುಳ್ಳು.

ಗೌರಿ ಹಬ್ಬಕ್ಕೆ ಹೊನ್ನಾಳಿಗೆ ತವರಿಗೆ ಹೋದಾಗ ಪುಸ್ತಕ ಚೀಲದಲ್ಲಿ ಹಾಕ್ಕೊಂಡು ಹೋದೆ. ನಮ್ಮವ್ವಗೆ ಈಗ ಕಣ್ಣು ಮಂಜು. "ಓದೇ, ಕೇಳ್ತೀನಿ" ಅಂದ್ಳು. ನಾನು ಓದ್ತಾ ಹೋದೆ: ಬೇಳೆ ನೆನೆಸಿ, ತರಿತರಿ ರುಬ್ಬಿ, ಸೊಪ್ಪು ಕಲಸಿ, ಉಂಡೆ ಕಟ್ಟಿ, ಹಬೆಯಲ್ಲಿ ಬೇಯಿಸಿ. ಅವ್ವ ಬಾಯಿ ಮೇಲೆ ಸೆರಗು ಇಟ್ಕೊಂಡು ನಕ್ಕಳು. "ಇದು ನುಚ್ಚಿನುಂಡೆ ಅಲ್ವೇನೇ? ಇದಕ್ಕೆ ದುಡ್ಡು ಕೊಟ್ಟು ಪುಸ್ತಕ ತಂದ್ಯಾ?"

ಹೌದು ನೋಡ್ರಿ, ನುಚ್ಚಿನುಂಡೇನೇ. ಪುಸ್ತಕದಲ್ಲಿ ತಟ್ಟೆಗೆ ಎಣ್ಣೆ ಸವರಿ ಅಂತ ಇತ್ತು. ಅವ್ವ ಬಾಳೆ ಎಲೆ ಹಾಸ್ತಾಳೆ, ಆ ಎಣ್ಣೆನೂ ಉಳೀತು. ಅವ್ವನ ಲೆಕ್ಕ ಹಿಂಗೈತೆ: ಒಂದು ಪಾವು ತೊಗರಿಬೇಳೆ, ಅದರರ್ಧ ಕಡಲೆಬೇಳೆ, ಎರಡು ತಾಸು ನೆನೆಸಿ ನೀರು ಪೂರ್ತಿ ಬಸಿಯಬೇಕು. ರುಬ್ಬುವಾಗ ಒಂದು ಹನಿ ನೀರೂ ಹಾಕಬಾರದು, ಹಾಕಿದ್ರೆ ಉಂಡೆ ನಿಲ್ಲಲ್ಲ. ಎರಡು ಹಿಡಿ ಸಬ್ಬಸಿಗೆ ಸೊಪ್ಪು, ನಾಲ್ಕು ಹಸಿಮೆಣಸಿನಕಾಯಿ, ಶುಂಠಿ, ಜೀರಿಗೆ, ಒಂದು ಹಿಡಿ ಕಾಯಿತುರಿ, ಉಪ್ಪು. ಮುಷ್ಟೀಲಿ ಒತ್ತಿ ಉದ್ದುದ್ದ ಉಂಡೆ ಮಾಡಿ ಕಾಲು ಗಂಟೆ ಹಬೆ. ಜೊತೆಗೆ ಮಜ್ಜಿಗೆ ಹುಳಿ. ನಾಲ್ಕು ಉಂಡೆ ತಿಂದ್ರೆ ಅನ್ನ ತಾನಾಗೇ ಕಡಿಮೆ ಆಗ್ತದೆ. ಹೊಳೆ ದಂಡೆ ಊರು, ಭತ್ತದ ಸೀಮೆ, ಮೂರು ಹೊತ್ತೂ ಅನ್ನ ಕೇಳೋ ನಮ್ಮ ತವರಲ್ಲಿ ಅದು ಸಣ್ಣ ಮಾತಲ್ಲ.

ಹಬ್ಬಕ್ಕೆ ನ್ಯಾಮತಿ ಅಕ್ಕನೂ ಬಂದಿದ್ಳು. ನಾವು ಸಣ್ಣೋರಿದ್ದಾಗ ನ್ಯಾಮತಿ ನಮ್ಮ ಹೊನ್ನಾಳಿ ತಾಲ್ಲೂಕಿಗೇ ಸೇರಿತ್ತು, ಈಗ ಅದೇ ಒಂದು ತಾಲ್ಲೂಕು. ಅಕ್ಕನಿಗೆ ಅದರ ಜಂಬ ಬೇರೆ. ಅವಳ ಮನೆ ಕಾಯಿಲೆ ಸಂಜೆ ನಾಲ್ಕೂವರೆಗೆ ಶುರುವಾಗ್ತದೆ: ಮಂಡಕ್ಕಿ, ಮೆಣಸಿನಕಾಯಿ. ನಮ್ಮ ಜಿಲ್ಲೇಲಿ ಹುಟ್ಟಿ ಮಿರ್ಚಿ ಬೇಡ ಅನ್ನೋರು ಯಾರದಾರೆ ಹೇಳ್ರಿ. ಪುಸ್ತಕದಲ್ಲಿ "ಕರಿಯದ ಮಿರ್ಚಿ" ಅಂತ ಒಂದು ಇತ್ತು. ಅಕ್ಕ ಅದನ್ನ ಪಡ್ಡಿನ ತವಾದಲ್ಲಿ ಮಾಡಿ ನೋಡಿದ್ಳು. ಹೊರಗೆ ಸೀದು, ಒಳಗೆ ಹಿಟ್ಟು ಹಸಿ. ಭಾವ ಒಂದು ಕಡಿದು, "ಇದನ್ನ ತಿನ್ನೋದಕ್ಕಿಂತ ಮಿರ್ಚಿ ಫೋಟೋ ನೋಡ್ಕೊಂಡು ಮಂಡಕ್ಕಿ ತಿಂತೀನಿ" ಅಂದ್ರಂತೆ.

ಆದ್ರೆ ಆ ತವಾ ಕೈಗೆ ಬಂತಲ್ಲ, ಅಕ್ಕ ಬಿಡಲಿಲ್ಲ. ದೋಸೆ ಹಿಟ್ಟು ಮಿಕ್ಕಿದ್ದಕ್ಕೆ ಹೆಚ್ಚಿದ ಮೆಂತ್ಯ ಸೊಪ್ಪು, ಈರುಳ್ಳಿ, ಹಸಿಮೆಣಸಿನಕಾಯಿ, ಒಂದು ಹಿಡಿ ಮೊಳಕೆ ಹೆಸರುಕಾಳು ಹಾಕಿ ಪಡ್ಡು ಮಾಡ್ತಾಳೆ. ಹನ್ನೆರಡು ಕುಳಿಗೆ ಒಂದೇ ಚಮಚ ಎಣ್ಣೆ. ಉಪಾಯ ಏನಂದ್ರೆ ಎಣ್ಣೆ ಸುರಿಯೋದಲ್ಲ, ಅರ್ಧ ಹೆಚ್ಚಿದ ಈರುಳ್ಳೀನ ಎಣ್ಣೇಲಿ ಅದ್ದಿ ಕುಳಿ ಕುಳಿಗೂ ಉಜ್ಜೋದು. ಮುಚ್ಚಳ ಮುಚ್ಚಿ ಸಣ್ಣ ಉರೀಲಿ ಬೇಯಿಸಬೇಕು. ಮಂಡಕ್ಕಿಗೂ ಒಗ್ಗರಣೆ ಬಿಟ್ಟು, ಟೊಮೆಟೊ, ಈರುಳ್ಳಿ, ಸೌತೆಕಾಯಿ, ಹುರಿಗಡಲೆ ಪುಡಿ, ನಿಂಬೆಹುಳಿ ಹಾಕಿ ಕಲಸ್ತಾಳೆ. ಮಿರ್ಚಿ ತಿಂಗಳಿಗೆ ಒಂದು ಸಲ, ಅಂಗಡೀಲಿ, ತಲೆಗೆ ಎರಡು. ಮನೇಲಿ ಬಾಣಲೆ ಇಡಲ್ಲ. ಕರಿದ ಎಣ್ಣೆ ಮಿಗಲ್ಲ, ಮಿಕ್ಕಿದ್ದು ಮತ್ತೆ ಪಲ್ಯಕ್ಕೆ ಹೋಗಲ್ಲ. ಅಕ್ಕನ ಈ ಮಾತು ನನಗೆ ಪುಸ್ತಕದ ಎಲ್ಲಾ ಪುಟಕ್ಕಿಂತ ಸರಿ ಕಂಡಿತು.

ಊರಿಗೆ ಬಂದ ಮೇಲೆ ಅತ್ತೆ ಜೊತೆ ರಾಜಿ ಆಯ್ತು. "ನಮ್ಮತ್ತೆ ಹುರುಳಿ ಕಟ್ಟಿನ ಸಾರು ಮಾಡೋರು, ಅದಕ್ಕೆ ಎಷ್ಟು ಎಣ್ಣೆ ಬೇಕು?" ಅಂತ ಅವ್ರೇ ಬಾಯಿ ಬಿಟ್ರು. ಒಂದು ಪಾವು ಹುರುಳಿ ರಾತ್ರಿ ನೆನೆಸಿ, ಬಟ್ಟೇಲಿ ಕಟ್ಟಿ ಮೊಳಕೆ ಬರಿಸಿ, ನೀರು ಜಾಸ್ತಿ ಇಟ್ಟು ಬೇಯಿಸಿ ಕಟ್ಟು ಬಸಿದುಕೊಳ್ಳೋದು. ಈರುಳ್ಳಿ, ಬೆಳ್ಳುಳ್ಳಿ ಕೆಂಡದ ಮೇಲೆ ಸುಡ್ತಿದ್ರಂತೆ. ನಾನು ಗ್ಯಾಸಿನ ಉರಿ ಮೇಲೆ ಸುಡ್ತೀನಿ. ಅದರ ಜೊತೆ ಮೆಣಸು, ಜೀರಿಗೆ, ಕೊತ್ತಂಬರಿ, ಒಂದು ಚೂರು ಕಾಯಿ, ಹುಣಸೆಹಣ್ಣು, ಎರಡು ಚಮಚ ಬೆಂದ ಹುರುಳಿ ಹಾಕಿ ರುಬ್ಬಿ ಕಟ್ಟಿಗೆ ಬೆರೆಸಿ ಕುದಿಸೋದು. ಕೊನೆಗೆ ಒಂದೇ ಚಮಚ ಎಣ್ಣೇಲಿ ಸಾಸಿವೆ, ಕರಿಬೇವು. ಉಳಿದ ಕಾಳು ಉಸುಳಿ ಆಯ್ತು. ಮಾವ ಎರಡು ಸಲ ಹಾಕಿಸ್ಕೊಂಡ್ರು, ತಮಗೇನಾಗೈತಿ ಅಂತ ಕೇಳಲಿಲ್ಲ.

ಇಲ್ಲೊಂದು ಮಾತು ಹೇಳಿಬಿಡ್ತೀನಿ, ನಾನು ಎಡವಿದ ಜಾಗ. ಎಣ್ಣೆ ಕಡಿಮೆ ಆದ ಕೂಡಲೇ ನಾಲಿಗೆ ಉಪ್ಪು ಕೇಳ್ತದೆ. ಗೊತ್ತಿಲ್ಲದಂಗೇ ಚಟ್ನಿಪುಡಿ, ಉಪ್ಪಿನಕಾಯಿ, ಹಪ್ಪಳ ತಟ್ಟೆಗೆ ಬರ್ತಾವೆ. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ ದಿನಕ್ಕೆ ಒಬ್ಬರಿಗೆ ಉಪ್ಪು 5 ಗ್ರಾಂ ಒಳಗಿರಬೇಕು, ಅಂದ್ರೆ ಒಂದು ಟೀ ಚಮಚ, ಎಲ್ಲಾ ಸೇರಿ. ಅದಕ್ಕೇ ನಾನು ಈಗ ಉಪ್ಪಿನ ಬದಲು ನಿಂಬೆಹುಳಿ, ಹುಣಸೆ, ಸುಟ್ಟ ಬೆಳ್ಳುಳ್ಳಿ ಜಾಸ್ತಿ ಮಾಡೀನಿ.

ಇನ್ನು ಉಳಿದಿದ್ದು ನವಣೆ. ಪುಸ್ತಕದಲ್ಲಿ ಅರ್ಧಕ್ಕರ್ಧ ನವಣೆ, ಸಾಮೆ, ಊದಲು, ಹಾರಕನೇ. 2023ನೇ ಇಸವಿ ಜಗತ್ತಿಗೆಲ್ಲ ಸಿರಿಧಾನ್ಯದ ವರ್ಷ ಅಂತ ವಿಶ್ವಸಂಸ್ಥೆ ಸಾರಿತ್ತಲ್ಲ, ಆಗಿಂದ ನಮ್ಮ ಚನ್ನಗಿರಿ ಅಂಗಡೀಲೂ ಬಣ್ಣದ ಪಾಕೀಟು ಸಾಲಾಗಿ ಕುಂತಾವೆ. ಒಂದು ಪಾಕೀಟು ತಂದು ಪುಸ್ತಕದಲ್ಲಿದ್ದಂಗೆ ಉಪ್ಪಿಟ್ಟು ಮಾಡಿದೆ. ನೆನೆಸೋ ಮಾತೇ ಅದರಲ್ಲಿ ಇರಲಿಲ್ಲ. ಕಾಳು ಕಾಳಾಗಿ ಉಳೀತು, ಗಂಟಲಲ್ಲಿ ಇಳೀಲಿಲ್ಲ. ಯಾರನ್ನ ಕೇಳಬೇಕು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಎರಡು ದಿನ ಫೋನ್ ಮಾಡಲಿಲ್ಲ.

ನನ್ನ ವಾರಗಿತ್ತಿ ಜಗಳೂರು ಕಡೆ ಹಳ್ಳಿಯೋಳು. ನಾನು ಅವಳನ್ನ ತಂಗಿ ಅಂತೀನಿ, ಅವಳು ನನ್ನ ಅಕ್ಕ ಅಂತಾಳೆ. ಮೈದುನನ ಕೆಲಸದಿಂದ ಈಗ ದಾವಣಗೆರೇಲಿ ಇದಾರೆ. ಚನ್ನಗಿರಿ, ಹೊನ್ನಾಳಿ ಮೊದಲು ಶಿವಮೊಗ್ಗ ಜಿಲ್ಲೆ, ಜಗಳೂರು ಚಿತ್ರದುರ್ಗ ಜಿಲ್ಲೆ. 1997ರಲ್ಲಿ ಎಲ್ಲಾ ದಾವಣಗೆರೆ ಜಿಲ್ಲೆ ಅಂತ ಒಂದಾದ್ವಿ. ಜಿಲ್ಲೆ ಒಂದಾದ್ರೂ ಅಡುಗೆಮನೆ ಒಂದಾಗಿರಲಿಲ್ಲ. ನಮ್ದು ಭದ್ರಾ ನಾಲೆ ನೀರು, ಸೂಳೆಕೆರೆ ನೀರು, ಅಡಿಕೆ ತೋಟ. ಅವರದು ಮಳೆ ನೆಚ್ಚಿದ ಕೆಂಪು ಹೊಲ. ಆ ಒಂದು ವ್ಯತ್ಯಾಸಕ್ಕೆ ನಮಗೆಷ್ಟು ಸೊಕ್ಕಿತ್ತು ಅಂತ ಈಗ ಬರೆಯೋಕೂ ನಾಚಿಕೆ.

ಅವಳ ಮದುವೆಯಾದ ವರ್ಷ ದೀಪಾವಳಿಗೆ ತವರಿಗೆ ಹೋಗಿದ್ದೋಳು ವಾಪಸ್ ಬರುವಾಗ ಒಂದು ಬಿಳಿ ಬಟ್ಟೆ ಚೀಲ ಹೊತ್ತು ತಂದಳು. ಐದು ಸೇರು ನವಣೆ ಅಕ್ಕಿ. ಪಡಸಾಲೇಲಿ ಬೀಗರು, ನೆಂಟರು ಎಲ್ಲಾ ಕುಂತಿದ್ರು. ನಾನು ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ತೆಗೆದು ತೋರಿಸಿ, "ನಮ್ಮನೇಲಿ ಗುಬ್ಬಿ ಸಾಕಿಲ್ಲಲ್ಲ ತಂಗೀ" ಅಂದೆ. ಎಲ್ಲಾರೂ ನಕ್ರು. ಅವಳೂ ನಕ್ಕಳು. ಆ ನವಣೆ ಆರು ತಿಂಗಳು ಅಟ್ಟದ ಮೇಲೆ ಇತ್ತು, ಆಮೇಲೆ ಹುಳ ಬಿತ್ತು ಅಂತ ಕೋಳಿಗೆ ಹಾಕಿದ್ವಿ. ಅವಳು ಮತ್ತೆ ತವರಿಂದ ಏನೂ ತರಲಿಲ್ಲ. ಅದು ಇಪ್ಪತ್ತೆರಡು ವರ್ಷದ ಮಾತು, ನಾನು ಮರೆತೇ ಬಿಟ್ಟಿದ್ದೆ. ಅಂಗಡಿಯೋನು ಪಾಕೀಟು ಕೊಟ್ಟು ಕಿಲೋಗೆ ನೂರರ ಮೇಲೆ ದುಡ್ಡು ಕೇಳಿದಾಗ ನೆನಪಾಯ್ತು.

ಮೂರನೇ ದಿನ ಫೋನ್ ಮಾಡಿ, "ತಂಗೀ, ನವಣೆ ಅನ್ನ ಹೆಂಗೆ ಮಾಡೋದು?" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಫೋನಲ್ಲಿ ಬರಲ್ಲಕ್ಕ, ದೀಪಾವಳಿಗೆ ಬರ್ತೀನಲ್ಲ, ಮಾಡಿ ತೋರಿಸ್ತೀನಿ" ಅಂದಳು.

ಬಂದಳು. ನಾನು ತಂದಿಟ್ಟ ಪಾಕೀಟು ಬಿಚ್ಚಿ ಅಂಗೈ ಮೇಲೆ ಹಾಕ್ಕೊಂಡು ನೋಡಿ, "ಇದು ಭಾಳ ಪಾಲಿಶ್ ಮಾಡ್ಯಾರೆ, ತವುಡು ಎಲ್ಲಾ ಹೋಗೈತೆ. ಇಷ್ಟು ಹೊಳೆಯೋದು ತರಬೇಡಕ್ಕ, ಮಾಸಲು ಬಣ್ಣದ್ದು ತಗೋ" ಅಂದಳು. ಹಿಂದಿನ ರಾತ್ರೀನೇ ಮೂರು ಸಲ ತೊಳೆದು ನೆನೆಹಾಕಿದ್ಳು. ಅರ್ಜೆಂಟ್ ಇದ್ರೆ ಎರಡು ತಾಸಾದ್ರೂ ನೆನೀಬೇಕಂತೆ. ಒಂದು ಲೋಟ ನವಣೆಗೆ ಎರಡೂವರೆ ಲೋಟ ನೀರು. ನೀರು ಕುದಿ ಬಂದ ಮೇಲೆ ನೆನೆದ ನವಣೆ ಹಾಕಿ, ನೀರು ಇಂಗೋವರೆಗೆ ಸಣ್ಣ ಉರಿ. ಒಲೆ ಆರಿಸಿ ಹತ್ತು ನಿಮಿಷ ಮುಚ್ಚಳ ತೆಗೀಬಾರದು, ಸೌಟು ಆಡಿಸಬಾರದು. ಅದರ ಮೇಲೆ ಬೆರಕೆ ಸೊಪ್ಪಿನ ಸಾರು. ಇದಕ್ಕೆ ಎಣ್ಣೆ ಎಷ್ಟು ಅಂತ ಕೇಳಿದೆ. "ಎಣ್ಣೆ ಯಾಕಕ್ಕ?" ಅಂದಳು.

ಅನ್ನ ಮುಚ್ಚಿಟ್ಟ ಆ ಹತ್ತು ನಿಮಿಷದಲ್ಲಿ ಅವಳು ಹೇಳಿದ್ದು ಇದು. ನವಣೆ ಸಿಪ್ಪೆ ಸುಲಭಕ್ಕೆ ಬಿಡಲ್ಲ. ಆಗ ಅವರೂರಲ್ಲಿ ಮಿಲ್ಲಿಗೆ ಕೊಡೋ ಹಂಗಿರಲಿಲ್ಲ. ಒರಳಲ್ಲಿ ಹಾಕಿ ಒನಕೇಲಿ ಕುಟ್ಟಬೇಕು, ಮೊರದಲ್ಲಿ ಕೇರಬೇಕು, ಮತ್ತೆ ಕುಟ್ಟಬೇಕು. ಆ ಐದು ಸೇರಿಗೆ ಅವರವ್ವ ಎರಡು ದಿನ ಕುಟ್ಟಿದ್ರಂತೆ, ಮಗಳ ಗಂಡನ ಮನೆಗೆ ಅಂತ. "ಆಮೇಲೆ ನಾನು ಊರಿಗೆ ಹೋದಾಗ ಅವ್ವ ಕೇಳಿದ್ಳು ಅಕ್ಕ, ಬೀಗರಿಗೆ ಹಿಡಿಸ್ತಾ ಅಂತ. ಹೂಂ ಅವ್ವ, ಎಲ್ಲಾರೂ ಉಂಡ್ರು, ಚಲೋ ಐತೆ ಅಂದ್ರು ಅಂತ ಹೇಳಿದ್ದೆ. ಅದಕ್ಕೇ ಮುಂದಿನ ವರ್ಷನೂ ಕುಟ್ಟಿ ಇಟ್ಟಿದ್ಳು. ಬಸ್ಸಲ್ಲಿ ಭಾರ ಆಗ್ತೈತೆ ಬೇಡ ಅಂದು ಬಿಟ್ಟು ಬಂದೆ."

ನಾನು ಏನು ಹೇಳಲಿ? "ನಂದು ತಪ್ಪಾಯ್ತು ತಂಗೀ" ಅಂದೆ. ಅವಳು ಮುಚ್ಚಳದ ಕಡೆ ನೋಡ್ತಾ, "ಆಗ ಎಲ್ಲಾರೂ ಹಂಗೇ ಇದ್ವಿ ಬಿಡಕ್ಕ. ನಮ್ಮೂರೋರೇ ಅಕ್ಕಿ ಉಣ್ಣೋ ಮನೆಗೆ ಹೆಣ್ಣು ಕೊಟ್ಟೀವಿ ಅಂತ ಹೇಳ್ಕೊಂಡು ತಿರುಗ್ತಿದ್ರು" ಅಂದಳು. ಅವರವ್ವ ತೀರಿಕೊಂಡು ಎಂಟು ವರ್ಷ ಆಯ್ತು. ಈ ಸಲ ನಿಮ್ಮ ಹೊಲದ್ದು ಒಂದು ನಾಲ್ಕು ಸೇರು ಕೊಡಿಸು, ದುಡ್ಡು ಕೊಡ್ತೀನಿ ಅಂತ ಕೇಳಿದೆ. "ಎಲ್ಲಿ ನವಣೆ ಅಕ್ಕ? ಊರ ತುಂಬ ಮೆಕ್ಕೆಜೋಳ. ನಾನೂ ನಿನ್ನಂಗೇ ಪಾಕೀಟು ತರ್ತೀನಿ" ಅಂದಳು. ಅದನ್ನ ಕೇಳಿ ನನಗೆ ಮೊದಲಿನ ಮಾತಿಗಿಂತ ಜಾಸ್ತಿ ಸಂಕಟ ಆಯ್ತು.

ಅವತ್ತು ಅತ್ತೆ ನವಣೆ ಅನ್ನ ಉಂಡ್ರು. ಅವ್ರಿಗೆ ಹಳೇದೆಲ್ಲ ನೆನಪಿತ್ತೋ ಇಲ್ವೋ, ಬಾಯಿ ಬಿಟ್ಟು ಹೇಳಲಿಲ್ಲ. ತಂಗಿಗೆ, "ಇನ್ನೊಂದೀಟು ಬಡಿಸವ್ವ, ಸೊಪ್ಪಿನ ಸಾರಿಗೆ ಇದೇ ಸರಿ" ಅಂದ್ರು. ಅವಳು ಬಡಿಸಿದಳು. ಬಡಿಸುವಾಗ ಅವಳ ಮುಖ ನೋಡೋ ಧೈರ್ಯ ನನಗಾಗಲಿಲ್ಲ, ನೀರು ತರ್ತೀನಿ ಅಂತ ಒಳಗೆ ಹೋದೆ.

ಮಗಳು ಫೋನಲ್ಲಿ ಒಂದು ಎಚ್ಚರಿಕೆ ಹೇಳಿದ್ಳು, ಅದನ್ನೂ ನಿಮಗೆ ದಾಟಿಸ್ತೀನಿ. ನವಣೆ ಹಗುರ ಅಂತ ತಟ್ಟೆ ತುಂಬ ಉಣ್ಣಬಾರದು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ಹಳೇ ಪಟ್ಟಿ ಪ್ರಕಾರ ನೂರು ಗ್ರಾಂ ನವಣೆಗೆ ಸುಮಾರು 330 ಕ್ಯಾಲರಿ. ಅಕ್ಕಿಗೂ ಅದಕ್ಕೂ ಭಾಳ ದೂರ ಇಲ್ಲ. ನವಣೇಲಿ ನಾರು ಜಾಸ್ತಿ, ಹೊಟ್ಟೆ ಬೇಗ ತುಂಬ್ತದೆ, ಅಷ್ಟಕ್ಕೇ ಕೈ ತೊಳೀಬೇಕು. ಮತ್ತೆ ನವಣೆ ಉಣ್ತೀವಿ ಅಂತ ಡಾಕ್ಟ್ರು ಕೊಟ್ಟ ಮಾತ್ರೆ ಬಿಡಬೇಡ್ರಿ. ನಮ್ಮ ಬೀದೀಲೇ ಒಬ್ರು ಬಿಟ್ಟು ಆಸ್ಪತ್ರೆ ಸೇರಿದ್ರು.

ಈಗ ನಮ್ಮ ಮನೆ ಲೆಕ್ಕ ಹೇಳ್ತೀನಿ. ಎಣ್ಣೆ ಎರಡೂವರೆಗೆ ಇಳಿದಿಲ್ಲ, ಸುಳ್ಳು ಹೇಳಲ್ಲ. ಹೋದ ತಿಂಗಳು ಮೂರೂ ಕಾಲು ಲೀಟರ್. ಸೋಮವಾರ, ಗುರುವಾರ ರಾತ್ರಿ ನವಣೆ. ಮಾವ ನವಣೆ ಉಂಡ ಮೇಲೂ ಒಂದು ತುತ್ತು ಮಜ್ಜಿಗೆ ಅನ್ನ ಕೇಳ್ತಾರೆ, ಹಾಕ್ತೀನಿ. ನನ್ನ ಸಕ್ಕರೆ ಕಾಯಿಲೆ ಇನ್ನೂ ಹೊಸಿಲ ಮೇಲೇ ಐತೆ, ಒಳಗೆ ಬಂದಿಲ್ಲ. ತಂಗಿಯ ಅಣ್ಣ ಈ ಮುಂಗಾರಿಗೆ ಮೆಕ್ಕೆಜೋಳದ ಪಕ್ಕ ಹತ್ತು ಗುಂಟೆ ನವಣೆ ಬಿತ್ತಿ ನೋಡ್ತೀನಿ ಅಂದಾರೆ, ಬೀಜ ಹುಡುಕ್ತಾ ಇದಾರೆ. ಬಂದ್ರೆ ತರೋಕೆ ನಾನೇ ಜಗಳೂರಿಗೆ ಹೋಗ್ತೀನಿ, ಬಸ್ಸಲ್ಲಿ ಎಷ್ಟೇ ಭಾರ ಆಗ್ಲಿ.

ಮಿಳ್ಳೆ? ಅಕ್ಕಿ ಡ್ರಮ್ಮಿನ ಹಿಂದಿಂದ ಅತ್ತೆನೇ ಹುಡುಕಿ ತೆಗೆದ್ರು. ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು ಒರೆಸಿ ನವಣೆ ಡಬ್ಬೀಲಿ ಇಟ್ಟಾರೆ. ತಲೆಗೆ ಒಂದೂವರೆ ಮಿಳ್ಳೆ ನವಣೆ, ಅದು ನಮ್ಮ ಅಳತೆ. ನಿಮ್ಮ ಮನೆಗೆ ಸೊಸೆ ತವರಿಂದ ಏನಾದ್ರೂ ಕಟ್ಟಿಕೊಂಡು ಬಂದ್ರೆ ಅದನ್ನ ಅವತ್ತೇ ಒಲೆ ಮೇಲೆ ಇಡ್ರಿ ತಾಯಂದ್ರ. ಹೆಂಗೆ ಮಾಡೋದು ಅಂತ ಅವಳನ್ನೇ ಕೇಳ್ರಿ.